ಸಿಗರೇಟ್ ಬಿಡಿಸುವ ಗುಂಪಿಗೆ ಹೋಗೋಕೆ ಮುಜುಗರ ಅಂದವರಿಗೆ

ಸೋಮವಾರಪೇಟೆಯಲ್ಲಿ ಎಲ್ಲರೂ ಪರಿಚಯದವರೇ, ಸಿಗರೇಟ್ ಬಿಡಿಸುವ ಗುಂಪಿನ ಕ್ಲಾಸಲ್ಲಿ ಕೂತರೆ ಮಾನ ಹೋಗುತ್ತೆ, ಒಬ್ಬನೇ ಬಿಡಬಹುದಾ ಅಂತ ಕೇಳಿದ್ದೀರಿ. ಬಿಡಬಹುದು, ಆದರೆ ಕಷ್ಟ ಜಾಸ್ತಿ. ಅಲ್ಲಾ, ಅಂಗಡಿ ಮುಂದೆ ನಿಂತು ಸೇದುವಾಗ ಊರು ನೋಡಿಲ್ವಾ?

ಗುಂಪಿನಲ್ಲಿ ಯಾರೂ ಭಾಷಣ ಬಿಗಿಯುವುದಿಲ್ಲ. ಬಿಡುವ ದಿನ ಗೊತ್ತು ಮಾಡಿಕೊಳ್ಳುತ್ತಾರೆ, ಆಮೇಲೆ ಯಾರಿಗೆ ಎಲ್ಲಿ ತಡೆಯೋಕಾಗಲಿಲ್ಲ ಅಂತ ಮಾತಾಡುತ್ತಾರೆ. ನಾನು ಹೋಗುತ್ತಿದ್ದ ಕಡೆ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು, ಮಳೆ ಹಿಡಿದು ಕೂಲಿಯವರ ಲೈನ್ ಮನೆ ಜಗಲಿಯಲ್ಲಿ ನಿಂತರೆ ಕೈ ತಾನಾಗಿ ಜೇಬಿಗೆ ಹೋಗುತ್ತೆ ಅಂದರು. ಪಕ್ಕದಲ್ಲಿದ್ದ ಜೀಪ್ ಡ್ರೈವರ್, ನಾನು ಆ ಜೇಬಿಗೆ ಏಲಕ್ಕಿ ಹಾಕಿದ್ದೀನಿ ನೋಡಿ ಅಂತ ತೆಗೆದು ತೋರಿಸಿದರು. ಇಂಥದ್ದು ಡಾಕ್ಟರ್ ಚೀಟಿಯಲ್ಲಿ ಸಿಗಲ್ಲ.

ಮೊದಲ ವಾರ ಸಿಡುಕು ಜೋರು. ಆಸೆ ಬಂದಾಗ ಐದು-ಹತ್ತು ನಿಮಿಷ ತಳ್ಳಿ, ಇಳಿಯುತ್ತೆ. ಮತ್ತೆ, ನಮ್ಮ ಕಡೆಯವರಿಗೆ ಹೇಳಲೇಬೇಕಾದ್ದು: ಕಾಫಿ ಕಡಿಮೆ ಮಾಡಿ. ಸಿಗರೇಟ್ ಹೊಗೆಯಿಂದ ಕೆಫೀನ್ ದೇಹದಲ್ಲಿ ಬೇಗ ಕರಗುತ್ತೆ, ಬಿಟ್ಟ ಮೇಲೆ ನಿಧಾನ ಆಗುತ್ತೆ, ಹಾಗಾಗಿ ಅದೇ ಲೋಟ ಕಾಫಿ ಈಗ ನಿದ್ದೆ ಕೆಡಿಸಿ ಕೈ ನಡುಗಿಸಬಹುದು. ಅದನ್ನು ಸಿಗರೇಟ್ ಇಲ್ಲದ್ದಕ್ಕೇ ಅಂದುಕೊಂಡು ಮತ್ತೆ ಹಚ್ಚುವವರು ಇದ್ದಾರೆ.

ಇಂಥ ಗುಂಪು ಎಲ್ಲಿದೆ ಅಂತ ಮಡಿಕೇರಿ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಅಷ್ಟರವರೆಗೆ 1800-11-2356ಕ್ಕೆ ಫೋನ್ ಮಾಡಿ, ಸರ್ಕಾರದ್ದೇ ತಂಬಾಕು ಬಿಡಿಸುವ ಲೈನ್, ದುಡ್ಡಿಲ್ಲ. ಸಿಗರೇಟ್ ಆಸೆ ತಗ್ಗಿಸುವ ನಿಕೋಟಿನ್ ಗಮ್ ತಗೊಂಡರೆ ಸುಮ್ನೆ ಜಗಿಯುತ್ತಾ ಇರಬೇಡಿ, ಸ್ವಲ್ಪ ಜಗಿದು ಕೆನ್ನೆಯ ಒಳಬದಿಗೆ ಇಟ್ಟುಕೊಳ್ಳಬೇಕು.