2 ಎಕರೆಗಿಂತ ಮೊದಲು 32 ಹಾಸಿಗೆ

ಕೆನಡಾದ ಒಂಟಾರಿಯೊ ಪ್ರಾಂತ್ಯದ ಬ್ರಾಂಪ್ಟನ್‌ನಿಂದ ಓದುಗರೊಬ್ಬರು ಬರೆದ ಪತ್ರದ ಸಾರ: "ಕನ್ನಡದ ಹಿರಿಯರಿಗಾಗಿ ಧರ್ಮಾರ್ಥ ಆರೈಕೆ ಮನೆ ಕಟ್ಟಬೇಕೆಂದು ನಮ್ಮ ಸಂಘದ ಸಭೆಯಲ್ಲಿ ತೀರ್ಮಾನವಾಗಿದೆ. ದಾನಿಯೊಬ್ಬರು 2 ಎಕರೆ ಜಾಗ ಕೊಡಲು ಮುಂದೆ ಬಂದಿದ್ದಾರೆ. ಎಲ್ಲಿಂದ ಶುರು ಮಾಡಬೇಕು? ನಮ್ಮವರಿಗೆ ಮಾತ್ರ ಎಂದು ಇಟ್ಟುಕೊಳ್ಳಬಹುದೇ? ಮಕ್ಕಳ ಮನೆಯಲ್ಲಿ ಹೆಚ್ಚು ಕಾಲ ಬಂದಿರಲು ಕೊಡುವ ಸೂಪರ್ ವೀಸಾದಲ್ಲಿ ಬಂದ ತಂದೆ ತಾಯಿಗೂ ಅಲ್ಲಿ ಜಾಗ ಸಿಗುತ್ತದೆಯೇ?"

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಸಭೆಯ ತೀರ್ಮಾನ ದೊಡ್ಡದು, ಅಗತ್ಯವಾದದ್ದೂ ಹೌದು. ಮರೆವಿನ ಕಾಯಿಲೆ ಮುಂದುವರಿದಂತೆ ಎಷ್ಟೋ ಜನರಿಗೆ ಆಮೇಲೆ ಕಲಿತ ಭಾಷೆ ಮೊದಲು ಕಳಚಿಕೊಳ್ಳುತ್ತದೆ, ತಾಯ್ನುಡಿ ಉಳಿಯುತ್ತದೆ. ನಲವತ್ತು ವರ್ಷ ಇಂಗ್ಲಿಷಿನಲ್ಲೇ ಕಚೇರಿ ನಡೆಸಿದವರೂ ಕೊನೆಗೆ "ಸೊಂಟ ಹಿಡ್ಕೊಂಡಿದೆ", "ಹೊಟ್ಟೆ ತೊಳಸ್ತಿದೆ" ಎಂದಷ್ಟೇ ಹೇಳಬಲ್ಲರು. ಪಕ್ಕದಲ್ಲಿರುವವರಿಗೆ ಅದು ತಿಳಿಯದಿದ್ದರೆ ನೋವು ದಾಖಲಾಗುವುದಿಲ್ಲ. ನೋವಿಗೆ ಕೂಗಾಡಿದ್ದನ್ನು ರಂಪಾಟ ಎಂದು ಬರೆದುಕೊಂಡು, ನೋವಿನ ಮಾತ್ರೆಯ ಬದಲು ಮಂಪರಿನ ಮಾತ್ರೆ ಕೊಡುವ ಅಪಾಯವಿದೆ. ಆದ್ದರಿಂದ ಇಲ್ಲಿ ಭಾಷೆ ಎನ್ನುವುದು ಅಭಿಮಾನದ ಮಾತಲ್ಲ, ಚಿಕಿತ್ಸೆಯ ಮಾತು.

ಹಾಗಿದ್ದರೂ ಆ 2 ಎಕರೆಯ ಕಾಗದಕ್ಕೆ ಈಗಲೇ ಸಹಿ ಹಾಕಬೇಡಿ.

ಮೊದಲು ಯಾವ ಮನೆ ಎಂಬುದು ನಿರ್ಧಾರವಾಗಲಿ. ರಿಟೈರ್‌ಮೆಂಟ್ ಹೋಮ್ ಬೇರೆ, ಲಾಂಗ್ ಟರ್ಮ್ ಕೇರ್ ಹೋಮ್ ಬೇರೆ. ಮೊದಲನೆಯದರಲ್ಲಿ ಬಾಡಿಗೆ, ಊಟ, ಆರೈಕೆ ಎಲ್ಲದಕ್ಕೂ ಮುಖ್ಯವಾಗಿ ಇರುವವರೇ ದುಡ್ಡು ಕೊಡುತ್ತಾರೆ. ಎರಡನೆಯದರಲ್ಲಿ ದಿನದ 24 ಗಂಟೆಯೂ ನರ್ಸಿಂಗ್ ಇರುತ್ತದೆ, ಆರೈಕೆಯ ಖರ್ಚನ್ನು ಒಂಟಾರಿಯೊ ಸರ್ಕಾರ ಕೊಡುತ್ತದೆ, ಇರುವವರು ವಸತಿಯ ಪಾಲು ಮಾತ್ರ ಕೊಡುತ್ತಾರೆ. ಈ ಎರಡನೆಯ ಬಗೆಯ ಮನೆಗೆ, 2022ರ ಏಪ್ರಿಲ್ 11ರಂದು ಜಾರಿಗೆ ಬಂದ ಕಾಯ್ದೆಯ ಪ್ರಕಾರ, ಪ್ರಾಂತ್ಯದ ಲೈಸೆನ್ಸ್ ಬೇಕು. ಲೈಸೆನ್ಸ್ ಎಂದರೆ ಇಂತಿಷ್ಟು ಹಾಸಿಗೆ ಎಂಬ ಮಂಜೂರಾತಿ. ಅದಿಲ್ಲದೆ ಎಷ್ಟೇ ಚೆಂದದ ಕಟ್ಟಡ ಎಬ್ಬಿಸಿದರೂ ಒಬ್ಬರನ್ನೂ ಸೇರಿಸಿಕೊಳ್ಳಲಾಗದು. ಇತ್ತ ಜಾಗವನ್ನು ಮೊದಲೇ ಪಡೆದರೆ ತೆರಿಗೆ, ವಿಮೆ, ಜೋನಿಂಗ್ (ಆ ಜಾಗದಲ್ಲಿ ಇಂಥ ಕಟ್ಟಡಕ್ಕೆ ಅನುಮತಿ) ಅರ್ಜಿ, ಮಣ್ಣಿನ ಪರೀಕ್ಷೆ ಎಲ್ಲವೂ ಸಂಘದ ತಲೆಗೆ ಬರುತ್ತದೆ. ದಾನಿಯೊಂದಿಗೆ "ಹಾಸಿಗೆ ಮಂಜೂರಾದರೆ, ಜೋನಿಂಗ್ ಸಿಕ್ಕರೆ ಮಾತ್ರ ವರ್ಗಾವಣೆ" ಎಂಬ ಷರತ್ತಿನ ಕರಾರು ಮಾಡಿಕೊಳ್ಳಿ. ಒಳ್ಳೆಯ ಮನಸ್ಸಿನ ದಾನಿ ಅದಕ್ಕೆ ಬೇಸರಪಡುವುದಿಲ್ಲ.

ಸೂಪರ್ ವೀಸಾದ ಪ್ರಶ್ನೆಗೆ ಉತ್ತರ ಕಹಿಯಾದದ್ದು: ಸಿಗುವುದಿಲ್ಲ. ಲಾಂಗ್ ಟರ್ಮ್ ಕೇರ್ ಹೋಮ್ ಪ್ರವೇಶಕ್ಕೆ ಒಂಟಾರಿಯೊದ ಹೆಲ್ತ್ ಕಾರ್ಡ್ (ಸರ್ಕಾರಿ ಆರೋಗ್ಯ ವಿಮೆಯ ಕಾರ್ಡ್) ಬೇಕು, ಸೂಪರ್ ವೀಸಾದವರು ಸಂದರ್ಶಕರಾದ್ದರಿಂದ ಅವರಿಗೆ ಅದಿಲ್ಲ. ಚಂದಾ ಎತ್ತುವ ಮೊದಲೇ ಇದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಿ. ತಮ್ಮ ಅಮ್ಮನಿಗೆ ಜಾಗ ಸಿಗುತ್ತದೆಂದು ನಂಬಿ ಕೊಟ್ಟವರು ಆಮೇಲೆ ತಿಳಿದು ನೊಂದುಕೊಂಡರೆ ಸಂಘವೇ ಒಡೆಯುತ್ತದೆ.

"ನಮ್ಮವರಿಗೆ ಮಾತ್ರ" ಎನ್ನುವಂತಿಲ್ಲ. ಯಾರು ಅರ್ಹರು, ಸರದಿಯಲ್ಲಿ ಯಾರು ಮುಂದೆ ಎಂಬುದನ್ನು ನೋಡುವುದು ಒಂಟಾರಿಯೊ ಹೆಲ್ತ್ ಅಟ್‌ಹೋಮ್ ಸಂಸ್ಥೆಯ ಪ್ಲೇಸ್‌ಮೆಂಟ್ ಕೋಆರ್ಡಿನೇಟರ್. ಸಾಮಾನ್ಯವಾಗಿ ಒಬ್ಬರು 5 ಮನೆಗಳವರೆಗೆ ಹೆಸರು ಕೊಡಬಹುದು. ಒಂದು ಜನಾಂಗ, ಧರ್ಮ ಅಥವಾ ಭಾಷೆಯವರ ಸೇವೆಗೆಂದೇ ಇರುವ ಮನೆಯಲ್ಲಿ ಆ ಮೂಲದವರಿಗೆ ಸರದಿಯಲ್ಲಿ ಪ್ರತ್ಯೇಕ ವರ್ಗವಿದೆ, ನಿಜ. ಆದರೆ ತುರ್ತು ಸ್ಥಿತಿಯವರು ಅವರಿಗಿಂತ ಮುಂದೆ, ಅದೇ ಮನೆಯಲ್ಲಿರುವ ಸಂಗಾತಿಯನ್ನು ಸೇರಬೇಕಾದವರೂ ಮುಂದೆ. 2022ರ ಇನ್ನೊಂದು ಕಾಯ್ದೆಯಿಂದ, ಆಸ್ಪತ್ರೆಯ ಚಿಕಿತ್ಸೆ ಮುಗಿದವರನ್ನು ಅವರು ಒಪ್ಪದಿದ್ದರೂ ದಕ್ಷಿಣ ಒಂಟಾರಿಯೊದಲ್ಲಿ 70 ಕಿಲೋಮೀಟರ್‌ ಒಳಗಿನ ಮನೆಯಲ್ಲಿ ಪ್ರವೇಶ ಮಂಜೂರು ಮಾಡಲು ಅವಕಾಶವಾಗಿದೆ. ಹೀಗಾಗಿ ಕನ್ನಡದ ಹಿರಿಯರು ಕಾಯುತ್ತಿರುವಾಗಲೇ ನಿಮ್ಮ ಮನೆಯ ಹಾಸಿಗೆಗೆ ಕನ್ನಡ ಬಾರದವರು ಬರಬಹುದು. ಅವರನ್ನೂ ಅಷ್ಟೇ ಅಕ್ಕರೆಯಿಂದ ನೋಡಿಕೊಳ್ಳುವ ಸಿದ್ಧತೆ ಮೊದಲ ದಿನದಿಂದಲೇ ಇರಬೇಕು.

ಈಗ ನಮ್ಮ ಸಲಹೆ. ಒಂಟಾರಿಯೊದ ವಿನ್ಯಾಸ ನಿಯಮದಲ್ಲಿ ಹೊಸ ಮನೆಯನ್ನು ಹೆಚ್ಚೆಂದರೆ 32 ಜನರ ವಿಭಾಗಗಳಾಗಿ ಕಟ್ಟುತ್ತಾರೆ. ಪ್ರತಿ ವಿಭಾಗಕ್ಕೂ ತನ್ನದೇ ಊಟದ ಜಾಗ, ಕೂರುವ ಜಾಗ, ಸ್ನಾನದ ಕೋಣೆ. ಕನ್ನಡಿಗರೇ ತುಂಬಿದ ದೊಡ್ಡ ಮನೆಯನ್ನು ಗುರಿಯಾಗಿಡುವ ಬದಲು, ಈಗಾಗಲೇ ನಡೆಯುತ್ತಿರುವ ಲಾಭರಹಿತ ಮನೆಯೊಂದರ ಜೊತೆ ಒಪ್ಪಂದ ಮಾಡಿಕೊಂಡು ಅಂಥ ಒಂದು ವಿಭಾಗದಿಂದ ಶುರುಮಾಡಿ. ತಮಿಳು, ತೆಲುಗು, ಮಲಯಾಳಂ ಸಂಘಗಳನ್ನೂ ಸೇರಿಸಿಕೊಳ್ಳಿ. ಟೊರಾಂಟೊದ ಚೀನೀ ಸಮುದಾಯದ ಯೀ ಹಾಂಗ್ ಸಂಸ್ಥೆಯನ್ನೇ ನೋಡಿ. 1987ರಲ್ಲಿ ಕೆಲಸ ಆರಂಭಿಸಿದವರು 90 ಹಾಸಿಗೆಯ ಮೊದಲ ಮನೆಯನ್ನು ತೆರೆದದ್ದು 1994ರಲ್ಲಿ. ಮುಂದೆ ಅದು 4 ಕೇಂದ್ರ, 805 ಹಾಸಿಗೆಗೆ ಬೆಳೆಯಿತು. ಅದರ ಫಿಂಚ್ ಕೇಂದ್ರ ಚೀನೀಯರಲ್ಲದೆ ಜಪಾನಿ, ದಕ್ಷಿಣ ಏಷ್ಯಾದ ಹಿರಿಯರಿಗೂ ಜಾಗ ಮಾಡಿಕೊಟ್ಟಿತು.

32 ಹಾಸಿಗೆ ಎಂದರೆ ಎಷ್ಟು ಕೈಗಳು ಬೇಕು, ಲೆಕ್ಕ ಹಾಕೋಣ. ಪ್ರಾಂತ್ಯ ಇಟ್ಟುಕೊಂಡ ಗುರಿ ಒಬ್ಬರಿಗೆ ದಿನಕ್ಕೆ ಸರಾಸರಿ 4 ಗಂಟೆಯ ನೇರ ಆರೈಕೆ. ಅಲ್ಲಿಗೆ ದಿನಕ್ಕೆ 128 ಗಂಟೆ, 8 ಗಂಟೆಯಂತೆ 16 ಪಾಳಿ, ವಾರಕ್ಕೆ 112 ಪಾಳಿ. ಒಬ್ಬರು ವಾರಕ್ಕೆ 5 ಪಾಳಿ ಮಾಡಿದರೂ 22ರಿಂದ 23 ಜನ. ರಜೆ, ಕಾಯಿಲೆ ಸೇರಿದರೆ 26ರ ಆಸುಪಾಸು. ಇವರೆಲ್ಲ ಕನ್ನಡದವರೇ ಆಗಬೇಕೆಂದರೆ ಮನೆ ತೆರೆಯುವುದೇ ಇಲ್ಲ. ಹಗಲು, ಸಂಜೆ, ರಾತ್ರಿ ಮೂರು ಪಾಳಿಯಲ್ಲೂ ತಲಾ ಒಬ್ಬರಾದರೂ ಕನ್ನಡ ಬಲ್ಲವರು ಇರಲಿ ಎಂದರೆ ವಾರಕ್ಕೆ 21 ಪಾಳಿ, ಅಂದರೆ ರಜೆ ಸೇರಿಸಿ 5ರಿಂದ 6 ಜನ. ಇದು ಸಾಧ್ಯವಾದ ಮಾತು. ನಿಧಿ ಸಂಗ್ರಹದ ಮೊದಲ ಹಣವನ್ನು ಇಟ್ಟಿಗೆಗೆ ಹಾಕದೆ, ನಮ್ಮ ಹುಡುಗ ಹುಡುಗಿಯರಿಗೆ ಪಿಎಸ್‌ಡಬ್ಲ್ಯು (ಹಿರಿಯರ ದಿನನಿತ್ಯದ ಆರೈಕೆ ಮಾಡುವ ಸಹಾಯಕರ) ತರಬೇತಿಯ ಶುಲ್ಕ ಕಟ್ಟಲು ಬಳಸಿ. ರಾತ್ರಿ ಪಾಳಿಯ ಭಾಷೆಯನ್ನು ಮರೆಯುವುದು ಬಹಳ ಕಡೆ ಆಗುವ ತಪ್ಪು. ಮುಸ್ಸಂಜೆಯ ಮೇಲೆ ಗಲಿಬಿಲಿ ಹೆಚ್ಚುವುದು ಮರೆವಿನ ಕಾಯಿಲೆಯ ಲಕ್ಷಣ. ಕನ್ನಡ ಹೆಚ್ಚು ಬೇಕಾಗುವುದು ಆಗಲೇ.

ಹಣದ ವಿಷಯಕ್ಕೆ ಬಂದರೆ, ಸರ್ಕಾರ ಕೊಡುವ ದುಡ್ಡು ನರ್ಸಿಂಗ್, ಚಟುವಟಿಕೆ, ಆಹಾರ, ವಸತಿ ಎಂದು ಬೇರೆ ಬೇರೆ ಲಕೋಟೆಗಳಲ್ಲಿ, ಅಂದರೆ ಆಯಾ ಖರ್ಚಿಗೇ ಮೀಸಲಾದ ಬಾಬ್ತುಗಳಲ್ಲಿ, ಬರುತ್ತದೆ. ನರ್ಸಿಂಗ್ ಲಕೋಟೆಯಲ್ಲಿ ಉಳಿದದ್ದು ಸರ್ಕಾರಕ್ಕೆ ವಾಪಸ್ಸು, ಅದರಿಂದ ಸಾಲದ ಕಂತು ಕಟ್ಟುವಂತಿಲ್ಲ. ಸಾಲ ತೀರಬೇಕಾದದ್ದು ವಸತಿ ಲಕೋಟೆ, ಕಟ್ಟಡದ ಸಹಾಯಧನ ಮತ್ತು ದೇಣಿಗೆಯಿಂದ. ಕಟ್ಟಡದ ಸಹಾಯಧನದ ಬಹುಭಾಗ, ಮನೆ ತೆರೆದ ಮೇಲೆ 25 ವರ್ಷ, ಹಾಸಿಗೆಗೆ ದಿನಕ್ಕಿಷ್ಟು ಎಂದು ಬರುತ್ತಿದ್ದ ಪದ್ಧತಿಯಿದೆ. ಅರ್ಜಿ ಹಾಕುವ ವರ್ಷದ ನೀತಿಪತ್ರವನ್ನು ಅಕ್ಷರ ಬಿಡದೆ ಓದಿ. ಕಟ್ಟುವ ಹೊತ್ತಿಗೆ ಬೇಕಾಗುವ ಹಣ ಬ್ಯಾಂಕಿನದು ಮತ್ತು ನಿಮ್ಮದು. "ಕೊಡುತ್ತೇನೆ" ಎಂದು ಬರೆದುಕೊಟ್ಟ ಚೀಟಿಯನ್ನು ಬ್ಯಾಂಕು ಕೈಗೆ ಬಂದ ಹಣವೆಂದು ಎಣಿಸುವುದಿಲ್ಲ.

ಧರ್ಮಾರ್ಥ ಸಂಸ್ಥೆಯನ್ನು ಸಂಘದಿಂದ ಬೇರೆಯಾಗಿ ನೋಂದಾಯಿಸಿ. ಉದ್ದೇಶದ ವಾಕ್ಯದಲ್ಲಿ "ಕನ್ನಡಿಗರಿಗಾಗಿ" ಎನ್ನದೆ "ಭಾಷೆ, ಆಹಾರದ ಕಾರಣಕ್ಕೆ ಆರೈಕೆ ದೊರಕದ ಹಿರಿಯರಿಗಾಗಿ" ಎಂಬ ಅರ್ಥ ಬರಲಿ, ಏಕೆಂದರೆ ಸಾರ್ವಜನಿಕ ಹಿತವನ್ನು ತೋರಿಸಬೇಕಾಗುತ್ತದೆ. ಕೆನಡಾ ರೆವಿನ್ಯೂ ಏಜೆನ್ಸಿಯ ನೋಂದಣಿ ಸಿಗುವವರೆಗೆ ತೆರಿಗೆ ರಸೀದಿ ಕೊಡಬೇಡಿ.

ಅಡುಗೆಮನೆಯ ನಕ್ಷೆಯನ್ನು ವಾಸ್ತುಶಿಲ್ಪಿಯ ಕೈಗೆ ಬಿಟ್ಟು ಸುಮ್ಮನಾಗಬೇಡಿ. ಒಗ್ಗರಣೆಯ ಹೊಗೆಗೆ ತಕ್ಕ ಎಕ್ಸಾಸ್ಟ್ ಇಲ್ಲದಿದ್ದರೆ ಅಲಾರಂ ಕೂಗುತ್ತದೆ, ಆಮೇಲೆ ಒಗ್ಗರಣೆಯೇ ನಿಂತುಹೋಗುತ್ತದೆ. ಊಟದ ಪಟ್ಟಿ ಕನಿಷ್ಠ 21 ದಿನದ ಸರದಿಯದಾಗಿರಬೇಕು, ಡಯಟೀಷಿಯನ್ ನೋಡಿ ಒಪ್ಪಬೇಕು. ನುಂಗಲು ಕಷ್ಟವಾದವರಿಗೆ ಉದುರು ಅನ್ನ ಅಪಾಯ, ಮುದ್ದೆ ಅಂಟಿಕೊಳ್ಳುವುದರಿಂದ ಇನ್ನೂ ಅಪಾಯ, ತಿಳಿಸಾರು ಸರ್ರನೆ ಶ್ವಾಸನಾಳಕ್ಕೆ ಇಳಿಯುತ್ತದೆ. ನುಣ್ಣಗೆ ರುಬ್ಬಿ ಹದಮಾಡಿದ ಬಿಸಿಬೇಳೆಬಾತ್, ಗಂಟಿಲ್ಲದ ದಪ್ಪ ರಾಗಿ ಗಂಜಿ ಇಂಥವನ್ನು ನುಂಗುವಿಕೆಯ ತಜ್ಞರು ಸೂಚಿಸಿದ ಹದಕ್ಕೆ ಮೊದಲೇ ಪ್ರಯೋಗಿಸಿ ಪಾಕಪಟ್ಟಿ ಬರೆದಿಡಿ. ದೇವರ ಕೋಣೆಯಲ್ಲಿ ವಿದ್ಯುತ್ ದೀಪವೇ ಇರಲಿ. ಆಕ್ಸಿಜನ್ ಹಚ್ಚಿಕೊಂಡವರು ಬಂದು ಕೂರುವ ಜಾಗ ಅದು, ಎಣ್ಣೆದೀಪ, ಊದುಬತ್ತಿ ಅಲ್ಲಿ ಬೇಡ.

ಈ ತಿಂಗಳು ಮಾಡಬಹುದಾದ ಕೆಲಸ ಒಂದಿದೆ. ಸಂಘದ ಪ್ರತಿ ಮನೆಗೂ ಒಂದು ಹಾಳೆ ಹಂಚಿ: 75 ದಾಟಿದವರು ಎಷ್ಟು ಜನ, ಹೆಲ್ತ್ ಕಾರ್ಡ್ ಇದೆಯೇ, ಸ್ನಾನಕ್ಕೂ ಊಟಕ್ಕೂ ಇನ್ನೊಬ್ಬರ ಕೈ ಬೇಕೇ, ಯಾವ ಭಾಷೆ, ಯಾವ ಆಹಾರ, ರಾತ್ರಿ ಯಾರು ನೋಡಿಕೊಳ್ಳುತ್ತಾರೆ. ತುಂಬಿದ ಹಾಳೆಗಳನ್ನು ಇಟ್ಟುಕೊಂಡು ಹತ್ತಿರದ ಲಾಭರಹಿತ ಮನೆಯ ಆಡಳಿತಾಧಿಕಾರಿಯ ಭೇಟಿಗೆ ಸಮಯ ಕೇಳಿ.