ಆ ಬೋಳುತಲೆಯ ಆಟಗಾರ ಲೆಚ್ಕೋವ್

1994ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜರ್ಮನಿಯನ್ನು ಮನೆಗೆ ಕಳಿಸಿದ ಬಲ್ಗೇರಿಯಾದ ಬೋಳುತಲೆಯ ಆಟಗಾರ ಯಾರು, ಆಮೇಲೆ ಏನಾದರು ಅಂತ ಕೇಳಿದ್ದೀರಿ. ಅವರು ಯೊರ್ಡಾನ್ ಲೆಚ್ಕೋವ್, ಮಿಡ್‌ಫೀಲ್ಡರ್. ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿ ಪೆನಾಲ್ಟಿಯಿಂದ ಮುಂದಿತ್ತು. 75ನೇ ನಿಮಿಷದಲ್ಲಿ ಬಲ್ಗೇರಿಯಾದ ತಾರೆ ಸ್ಟೊಯಿಚ್ಕೋವ್ ಫ್ರೀಕಿಕ್‌ನಿಂದ ಸಮ ಮಾಡಿದರು. ಮೂರೇ ನಿಮಿಷಕ್ಕೆ ಲೆಚ್ಕೋವ್ ಹಾರಿ ತಲೆಯಿಂದ ಹೊಡೆದರು, 2-1! ಮಜಾ ಏನಂದ್ರೆ, ಆಗ ಅವರು ಆಡುತ್ತಿದ್ದದ್ದು ಜರ್ಮನಿಯ ಹ್ಯಾಂಬರ್ಗ್ ಕ್ಲಬ್‌ಗೆ. ಅದೇ ವಿಶ್ವಕಪ್‌ನಲ್ಲಿ ಅದಕ್ಕೂ ಮುಂಚೆ, ಮೆಕ್ಸಿಕೊ ವಿರುದ್ಧ ಸಮವಾದ ಪಂದ್ಯವನ್ನು ತೀರ್ಮಾನಿಸಿದ ಪೆನಾಲ್ಟಿ ಶೂಟೌಟ್‌ನಲ್ಲಿ ಗೆಲುವು ತಂದ ಕೊನೆಯ ಹೊಡೆತವೂ ಇವರದ್ದೇ. ಎಲ್ಲರೂ ಸ್ಟೊಯಿಚ್ಕೋವ್ ಹೆಸರನ್ನೇ ಹೇಳುತ್ತಾರೆ, ಇವರಿಗೆ ಸಿಕ್ಕ ಹೊಗಳಿಕೆ ಕಡಿಮೆಯೇ ಅಲ್ವಾ?

ಆಮೇಲೆ ಫ್ರಾನ್ಸ್‌ನ ಮಾರ್ಸೆಲ್, ಟರ್ಕಿಯ ಬೆಶಿಕ್ತಾಶ್ ಕ್ಲಬ್‌ಗಳಿಗೆ ಆಡಿದರು. ಬೆಶಿಕ್ತಾಶ್ ಜೊತೆ ಜಗಳವಾಗಿ ಕೆಲವು ವರ್ಷ ಆಟವೇ ನಿಂತಿತು. ಮುಂದೆ 2003ರಲ್ಲಿ ಹುಟ್ಟೂರು ಸ್ಲಿವೆನ್‌ಗೆ ಮೇಯರ್ ಆದರು.