ಡೆನ್ಮಾರ್ಕಿನ ಜನಪದ ಕಥೆಗಳನ್ನು ಕನ್ನಡಕ್ಕೆ ತರುವಾಗ ಎಲ್ಲದಕ್ಕೂ 'ದೆವ್ವ' ಅಂದರೆ ಸಾಲದೇ?

ಸಾಲದು. ನಾನೂ ಹಾಗೇ ಶುರು ಮಾಡಿ, 'ನಿಸ್ಸೆ'ಗೆ ದೆವ್ವ ಅಂತ ಬರೆದೆ. ಅಲ್ಲೇ ಕೆಟ್ಟಿತು.

ನಿಸ್ಸೆ ಅಂದರೆ ಬೂದು ಬಟ್ಟೆ, ಕೆಂಪು ಟೋಪಿಯ ಕುಳ್ಳ. ರೈತನ ಕೊಟ್ಟಿಗೆಯಲ್ಲೇ ಇದ್ದು ದನ, ಕುದುರೆ ನೋಡಿಕೊಳ್ಳುತ್ತಾನೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಹಾಲಲ್ಲಿ ಗಟ್ಟಿಯಾಗಿ ಬೇಯಿಸಿದ ಅಕ್ಕಿಯ ಮೇಲೆ ಬೆಣ್ಣೆಯ ಉಂಡೆ ಇಟ್ಟು ಅವನಿಗೆ ಕೊಡಬೇಕು. ಒಮ್ಮೆ ಕೆಲಸದ ಹುಡುಗಿ ಬೆಣ್ಣೆಯನ್ನು ಬಟ್ಟಲಿನ ತಳದಲ್ಲಿಟ್ಟಳು. ಬೆಣ್ಣೆ ಕಾಣದೆ ಸಿಟ್ಟಿಗೆದ್ದ ನಿಸ್ಸೆ ಮನೆಯ ಒಳ್ಳೇ ಹಸುವನ್ನೇ ಕೊಂದ. ಆಮೇಲೆ ಉಣ್ಣುತ್ತ ಹೋದರೆ ತಳದಲ್ಲಿ ಬೆಣ್ಣೆ! ಮರುಗಿದವನು ಪಕ್ಕದ ಮನೆಯಿಂದ ಅಂಥದ್ದೇ ಹಸು ತಂದು ಕಟ್ಟಿದ.

ದೆವ್ವ ಅಂದಿದ್ದರಿಂದ ಓದಿದವರಿಗೆ ಹಸು ಸತ್ತದ್ದು ಸಹಜವೆನಿಸಿತು, ಅವನು ಮರುಗಿದ್ದು ಮಾತ್ರ ಅರ್ಥವಾಗಲಿಲ್ಲ. "ಪಾದ್ರಿಯನ್ನು ಕರೆಸಿ ಓಡಿಸಬಾರದಿತ್ತಾ?" ಎಂದು ಕೇಳಿದರು. ತಪ್ಪು ಅವರದಲ್ಲ. ಮುಂದಿನ ಕಥೆಯಲ್ಲಿ ಪಾದ್ರಿ ಓಡಿಸುವ 'ಗೆಂಗಾಂಗರ್'ಗೂ ನಾನು ದೆವ್ವ ಅಂದಿದ್ದೆ. ಓಡಿಸಬೇಕಾದದ್ದು, ಉಣಬಡಿಸಬೇಕಾದದ್ದು ಎರಡಕ್ಕೂ ಒಂದೇ ಹೆಸರು ಕೊಟ್ಟ ಮೇಲೆ ಓದುವವರು ಏನು ಮಾಡಿಯಾರು? ಹನ್ನೊಂದು ಕಥೆಗಳನ್ನು ಮೊದಲಿಂದ ಬರೆದೆ.

ಗೆಂಗಾಂಗರ್ ಸತ್ತ ಮೇಲೆ ಮತ್ತೆ ತಿರುಗುವವನು. ಬದುಕಿದ್ದಾಗ ಹೊಲದ ಗಡಿಕಲ್ಲು ಸರಿಸಿದವನು ಹೀಗಾಗುತ್ತಾನೆ. ಪಾದ್ರಿ ಅವನನ್ನು ಜೌಗುನೆಲದಲ್ಲಿ ಅಡಗಿಸಿ ಮೇಲೆ ಗೂಟ ಹೊಡೆಯುತ್ತಾನೆ. ಆದರೂ ಅವನು ವರ್ಷಕ್ಕೊಂದು ಹುಂಜದ ಹೆಜ್ಜೆಯಷ್ಟು ಮನೆಯ ಕಡೆಗೆ ಸರಿಯುತ್ತಲೇ ಇರುತ್ತಾನೆ. ಆ ಹೆಜ್ಜೆಯನ್ನು ಮಾತ್ರ ಬಿಡಬೇಡಿ, ಕಥೆಯ ಭಯವೆಲ್ಲ ಅದರಲ್ಲೇ ಇದೆ.

'ಹೆಲ್‌ಹೆಸ್ಟ್' ಸ್ಮಶಾನದ ಮೂರು ಕಾಲಿನ ಕುದುರೆ, ಕಂಡವನಿಗೆ ಸಾವು. ದೊಡ್ಡ ಕಾಯಿಲೆಯಿಂದ ಎದ್ದವನು "ಸಾವಿಗೆ ಒಂದಳತೆ ಓಟ್ಸ್ ಕೊಟ್ಟೆ" ಅನ್ನುತ್ತಿದ್ದ. ಓಟ್ಸ್ ಆ ಕುದುರೆಯ ಮೇವು.

ಹೆಸರುಗಳನ್ನು ಡ್ಯಾನಿಷಿನಲ್ಲೇ ಬಿಡಿ. ಅಡಿಟಿಪ್ಪಣಿ ಬೇಡ, ಯಾರು ಏನು ಮಾಡುತ್ತಾರೆ ಅಂತ ಮೊದಲ ಎರಡು ಸಾಲಲ್ಲೇ ತೋರಿಸಿ. ಶಾಲಾ ಮೇಷ್ಟ್ರು ಎವಾಲ್ಡ್ ಟಾಂಗ್ ಕ್ರಿಸ್ಟೆನ್ಸನ್ (1843–1929) ಜಟ್ಲೆಂಡಿನ ಹಳ್ಳಿಗಳನ್ನು ನಡೆದು ಸುತ್ತಿ, ಹೇಳಿದವರ ಬಾಯಿಂದಲೇ ಇಂಥ ಕಥೆಗಳನ್ನು ಬರೆದುಕೊಂಡರು. ಅವರು ಉಳಿಸಿದ ಹೆಸರುಗಳನ್ನು ನಾವು ಅಳಿಸುವುದು ಸರಿಯಲ್ಲ. ನಿಸ್ಸೆಗೆ 'ದೈವ' ಅಂತಲೂ ಬರೆಯಬೇಡಿ. ಕರಾವಳಿಯ ದೈವಕ್ಕೆ ಕೋಲವಿದೆ, ನುಡಿಯಿದೆ. ನಿಸ್ಸೆಗೆ ಬರೀ ಊಟ.

ಆ ಊಟಕ್ಕೆ 'ಗಂಜಿ' ಅನ್ನುವ ಪದವೂ ಆಗದು. ನಮ್ಮ ಗಂಜಿ ತೆಳು. ತಳದಲ್ಲಿಟ್ಟ ಬೆಣ್ಣೆ ಕರಗಿ ಮೇಲೆ ತೇಲಿಬರುತ್ತದೆ. ಆಗ ನಿಸ್ಸೆ ಸಿಟ್ಟಾಗಲು ಕಾರಣವೇ ಉಳಿಯುವುದಿಲ್ಲ.